ಹಬ್ಬದ ದಿನ ನಿಂತಿದ್ದಕ್ಕೆ ತೆರಿಗೆ

ಮಾನ್ಯ ತೆರಿಗೆ ಕಚೇರಿಯ ಮುಖ್ಯಸ್ಥರೇ,

ಕಳೆದ ವರ್ಷ ಅಕ್ಟೋಬರ್ ಮೂವತ್ತೊಂದರಂದು ನಾನು ನನ್ನ ತಂದೆಯ ಮನೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಎಂಟರವರೆಗೆ ನಿಂತುಕೊಂಡಿದ್ದೆ. ಹಾಗೆ ನಿಂತಿದ್ದಕ್ಕಾಗಿ ನಿಮ್ಮ ಕಚೇರಿ ನನ್ನ ಮೇಲೆ ಐದು ವರ್ಷಗಳ ಆದಾಯ ತೆರಿಗೆ, ಪಿಂಚಣಿ ವಂತಿಗೆ, ಆರೋಗ್ಯ ವಂತಿಗೆ ಮತ್ತು ಇವೆಲ್ಲದರ ಬಡ್ಡಿಯನ್ನು ಹೊರಿಸಿದೆ.

ಇದು ಉತ್ಪ್ರೇಕ್ಷೆ ಎಂದು ಈ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗೆ ಅನಿಸಬಹುದು. ನಿಮ್ಮ ನಿರ್ಣಯದ ಎರಡನೇ ಪುಟದ ನಾಲ್ಕನೇ ಪ್ಯಾರಾವನ್ನು ಅಕ್ಷರ ಬಿಡದೆ ಕೊಡುತ್ತೇನೆ: ‘ಸ್ಥಳ ಪರಿಶೀಲನೆಯ ಅವಧಿಯಲ್ಲಿ ತೆರಿಗೆದಾರರು ಪೂರ್ತಿ ನಿಂತೇ ಇದ್ದರು. ಕುಳಿತುಕೊಳ್ಳುವಂತೆ ಕೇಳಿಕೊಂಡರೂ ಕುಳಿತುಕೊಳ್ಳಲಿಲ್ಲ. ಬಂದವರಿಗೆಲ್ಲ ಸ್ವತಃ ಬಡಿಸಿದರು. ಇದು ಮನೆಯ ಯಜಮಾನನ ನಡವಳಿಕೆಯಾಗಿದ್ದು, ಸದರಿಯವರ ಖಾಯಂ ಮನೆ ಹಾಗೂ ಜೀವನ ಹಿತಾಸಕ್ತಿಗಳ ಕೇಂದ್ರವು ಸರ್ಬಿಯಾದಲ್ಲೇ ಇದೆಯೆಂದು ದೃಢಪಡುತ್ತದೆ.’ ನಾನು ಬರಹವನ್ನೇ ನಂಬಿ ಬದುಕುವವನು. ಒಬ್ಬ ಮನುಷ್ಯನ ಕಾಲುನೋವನ್ನು ನಾಲ್ಕೇ ವಾಕ್ಯಗಳಲ್ಲಿ, ಎಲ್ಲಿ ದುಡಿದರೂ ಇಲ್ಲೇ ತೆರಿಗೆ ಕಟ್ಟಬೇಕಾದ ವಿಶ್ವವ್ಯಾಪಿ ಆದಾಯವನ್ನಾಗಿ ಮಾರ್ಪಡಿಸಿದ ಗದ್ಯವನ್ನು ನಾನು ಇದುವರೆಗೆ ಓದಿರಲಿಲ್ಲ.

ನನ್ನ ವಿವರ ಕಡತದಲ್ಲಿದೆ, ಆದರೂ ಹೇಳುತ್ತೇನೆ. ನನ್ನ ಹೆಸರು ರಾಸ್ತ್ಕೊ ವೆಸೆಲಿನೊವಿಚ್. ವಯಸ್ಸು ನಲವತ್ತಮೂರು. ಮೊರಾವಾ ನದಿಯ ದಂಡೆಯ ನಿಮ್ಮದೇ ಪಟ್ಟಣದಲ್ಲಿ ಹುಟ್ಟಿದವನು. ಏಳು ವರ್ಷಗಳಿಂದ ಸ್ಲೊವೇನಿಯಾದ ಮಾರಿಬೋರ್‌ನಲ್ಲಿ ಹೆಂಡತಿ ಅಲೆಂಕಾ ಮತ್ತು ಮಗಳ ಜೊತೆ ವಾಸವಾಗಿದ್ದೇನೆ. ಬಟ್ಟೆ ಒಗೆಯುವ ಯಂತ್ರ, ಫ್ರಿಜ್, ಕಾಫಿ ಯಂತ್ರಗಳ ಜೊತೆ ಬರುವ ಸೂಚನಾ ಪುಸ್ತಿಕೆಗಳನ್ನು ಅನುವಾದಿಸುವುದು ನನ್ನ ಕಸುಬು. ಯಾವ ಕಂಪನಿಯ ನೌಕರನೂ ಅಲ್ಲ. ಮೂರು ನಾಲ್ಕು ದೇಶಗಳ ಕಂಪನಿಗಳಿಗೆ ಸ್ವತಂತ್ರವಾಗಿ, ಫ್ರೀಲಾನ್ಸ್ ಆಗಿ, ಅಡುಗೆಮನೆಯ ಮೇಜಿನ ಮೇಲೆ ಕೂತು ದುಡಿಯುತ್ತೇನೆ. ಆ ಮೇಜು ಮಾರಿಬೋರ್‌ನಲ್ಲಿದೆ. ದುಡಿದದ್ದಕ್ಕೆ ತೆರಿಗೆಯನ್ನೂ ಅಲ್ಲೇ, ವರ್ಷ ತಪ್ಪದೆ ಕಟ್ಟಿದ್ದೇನೆ. ಏಳೂ ವರ್ಷದ ರಸೀದಿಗಳನ್ನು ನಿಮಗೆ ಎರಡು ಸಲ ಕಳಿಸಿದ್ದೇನೆ. ಮೊದಲನೇ ಸಲದವು ಕಳೆದುಹೋದವು ಎಂದಿರಿ. ಎರಡನೇ ಸಲದವು ಸ್ಲೊವೇನಿಯನ್ ಭಾಷೆಯಲ್ಲಿವೆ ಎಂದಿರಿ. ಎರಡೂ ನಿಜವೇ.

ಕಳೆದ ವರ್ಷ ನಾನು ಸರ್ಬಿಯಾದಲ್ಲಿ ಇದ್ದದ್ದು ನಲವತ್ತೊಂದು ದಿನ. ಈಸ್ಟರ್‌ಗೆ ಒಂಬತ್ತು, ಆಗಸ್ಟಿನಲ್ಲಿ ಅಮ್ಮನ ಚಳಿಗಾಲದ ಸೌದೆ ಒಡೆದು ಜೋಡಿಸಲು ಹದಿನಾಲ್ಕು, ಸೆಪ್ಟೆಂಬರಿನಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು ಅಯ್ವಾರ್ ಎಂಬ ಚಟ್ನಿ ಮಾಡಲು ಹತ್ತು, ಅಪ್ಪನ ಪುಣ್ಯತಿಥಿಗೆ ಮೂರು, ಸಂತ ಲೂಕನ ಹಬ್ಬಕ್ಕೆ ಐದು. ಇಲ್ಲಿನ ನಿವಾಸಿ ಎನಿಸಿಕೊಳ್ಳಲು ಕಾನೂನು ಹೇಳುವುದು ವರ್ಷಕ್ಕೆ ನೂರ ಎಂಬತ್ತಮೂರು ದಿನ. ನಾನಿನ್ನೂ ನೂರ ನಲವತ್ತೆರಡು ದಿನ ಹಿಂದಿದ್ದೇನೆ. ಅಷ್ಟು ಸೌದೆ ಒಡೆದರೆ ಇಡೀ ಪಟ್ಟಣವೇ ಚಳಿಗಾಲ ಕಳೆಯಬಹುದು.

ಹಾಗಿದ್ದರೆ ನೀವು ನನ್ನನ್ನು ಹಿಡಿದದ್ದು ಹೇಗೆ? ನಾನೇ ಬಂದು ಸಿಕ್ಕಿಬಿದ್ದೆ. ವಿದೇಶದಲ್ಲಿ ನೆಲೆಸಿದವರು ತಮ್ಮ ವಾಸ ಬದಲಾದದ್ದನ್ನು ತೆರಿಗೆ ಕಚೇರಿಗೆ ತಿಳಿಸಬೇಕು ಎಂಬ ಸೂಚನೆಯನ್ನು ಎಲ್ಲೋ ಓದಿದೆ. ಸೂಚನೆಗಳನ್ನು ಕೊನೆಯವರೆಗೂ ಓದುವುದು ನನ್ನ ವೃತ್ತಿದೋಷ. ಕಳೆದ ವರ್ಷ ಆಗಸ್ಟಿನಲ್ಲಿ, ಸೌದೆಗೂ ಸೌದೆಗೂ ನಡುವೆ, ನಿಮ್ಮ ಕಚೇರಿಗೆ ಬಂದು ತಡವಾಗಿಯಾದರೂ ತಿಳಿಸಿದೆ. ಪಕ್ಕದ ಮನೆಯ ಮಿಲುನ್ ಚಿಕ್ಕಪ್ಪ, ಅಪ್ಪನ ಗೆಳೆಯ, ಇದನ್ನು ಕೇಳಿ ಕೊಡಲಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದ.

“ಲೋ, ನೀನೇ ಹೋಗಿ ಹೇಳಿದ್ಯಾ?”

“ಹೇಳ್ಬೇಕು ಅಂತ ನಿಯಮ ಇದೆ ಚಿಕ್ಕಪ್ಪ.”

“ನಿಯಮ ಇರೋದು ಅವರ ಗೋಡೆ ಮೇಲೆ ಕಣೋ. ಹೇಳ್ದೇ ಇದ್ದಿದ್ರೆ ನೀನು ಬದುಕಿದೀಯ ಅಂತಾನೂ ಅವ್ರಿಗೆ ಗೊತ್ತಾಗ್ತಿರ್ಲಿಲ್ಲ. ನಮ್ಮ ಬೀದೀಲಿ ಹದಿನಾರು ಜನ ಹೊರಗಿದಾರೆ. ಹದಿನೈದು ಜನ ಬುದ್ಧಿವಂತರು.”

ಮಾನ್ಯರೇ, ಆ ಹದಿನೈದು ಜನರಿಗೆ ಇವತ್ತಿಗೂ ನಿಮ್ಮಿಂದ ಒಂದು ಕಾಗದವೂ ಬಂದಿಲ್ಲ. ಹೇಳದವನಿಗೆ ನೆಮ್ಮದಿ, ಹೇಳಿದವನಿಗೆ ತನಿಖೆ ಎಂಬುದು ನಿಮ್ಮ ನೀತಿಯಾದರೆ ಅದನ್ನೂ ಗೋಡೆಯ ಮೇಲೆ ಅಂಟಿಸಬೇಕಿತ್ತು. ನಾನು ಅದನ್ನೂ ಕೊನೆಯವರೆಗೆ ಓದುತ್ತಿದ್ದೆ.

ಅಕ್ಟೋಬರಿನಲ್ಲಿ ನಿಮ್ಮ ಪರಿಶೀಲನಾಧಿಕಾರಿ ಅಮ್ಮನಿಗೆ ಫೋನ್ ಮಾಡಿ, ಮಗ ಯಾವತ್ತು ಮನೆಯಲ್ಲಿ ಸಿಗುತ್ತಾರೆ ಎಂದು ಕೇಳಿದರು. “ಮೂವತ್ತೊಂದಕ್ಕೆ ಬಾಪ್ಪಾ, ಅವತ್ತು ಇದ್ದೇ ಇರ್ತಾನೆ,” ಎಂದಳಂತೆ ಅಮ್ಮ. ಇದನ್ನು ಗಮನಿಸಿ. ಒಬ್ಬ ಮನುಷ್ಯ ಒಂದು ಮನೆಯಲ್ಲಿ ವಾಸವಾಗಿದ್ದಾನೆ ಎಂದು ಸಾಬೀತು ಮಾಡಲು ಹೊರಟ ಸರ್ಕಾರ, ಅವನು ಆ ಮನೆಯಲ್ಲಿ ಯಾವ ದಿನ ಇರುತ್ತಾನೆಂದು ಮೊದಲೇ ಫೋನ್ ಮಾಡಿ ವಿಚಾರಿಸಬೇಕಾಯಿತು. ತನಿಖೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಅವತ್ತು ನಮ್ಮ ಮನೆಯ ಸ್ಲಾವಾ.

ಸ್ಲಾವಾ ಎಂದರೇನೆಂದು ನಿಮಗೆ ಹೇಳುವ ಅಗತ್ಯವಿಲ್ಲ. ಆದರೆ ನಿಮ್ಮ ವರದಿ ಅದನ್ನು ‘ವಾರ್ಷಿಕ ಸಾಮಾಜಿಕ ಚಟುವಟಿಕೆ’ ಎಂದು ಕರೆದಿರುವುದರಿಂದ ನೆನಪಿಸುವುದು ಒಳ್ಳೆಯದು. ಅದು ಮನೆತನದ ಸಂತನ ಹಬ್ಬ. ನಮ್ಮ ಮನೆಯ ಸಂತ ಲೂಕ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುವ ಹಬ್ಬ. ಅವತ್ತು ಯಾರನ್ನೂ ಕರೆಯುವುದಿಲ್ಲ. ಬಂದವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಬಂದವರು ಬಾಗಿಲಲ್ಲೇ ಬೇಯಿಸಿದ ಸಿಹಿ ಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಒಳಗೆ ಬರುತ್ತಾರೆ. ಕೊನೆಯ ಅತಿಥಿ ಎದ್ದು ಹೋಗುವ ತನಕ ಮನೆಯ ಗಂಡಸು ಕೂರುವಂತಿಲ್ಲ. ನನ್ನ ಅಪ್ಪ ಎರಡು ಸಲ ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಕೊನೆಯ ವರ್ಷ ಬಾಗಿಲ ಚೌಕಟ್ಟಿಗೆ ಒರಗಿಕೊಂಡಾದರೂ ನಿಂತೇ ಇದ್ದರು.

ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಅಧಿಕಾರಿ ಕಂಕುಳಲ್ಲಿ ಚರ್ಮದ ಬ್ಯಾಗು ಹಿಡಿದು ಬಂದರು.

“ನಾನು ತೆರಿಗೆ ಕಚೇರಿಯಿಂದ ಬಂದಿದೀನಿ.”

“ಎಲ್ಲಿಂದಾದ್ರೂ ಬಾಪ್ಪಾ, ಮೊದ್ಲು ಗೋಧಿ ಬಾಯಿಗೆ ಹಾಕ್ಕೋ,” ಎಂದಳು ಅಮ್ಮ, ತಟ್ಟೆ ಚಾಚಿ.

“ಇಲ್ಲಮ್ಮಾ, ನಾನು ಡ್ಯೂಟಿ ಮೇಲಿದೀನಿ.”

“ಸಂತ ಲೂಕನೂ ಇವತ್ತು ಡ್ಯೂಟಿ ಮೇಲೇ ಇದಾನೆ. ಚಮಚ ತಗೋ.”

ತೆಗೆದುಕೊಂಡರು. ಮೇಜಿನ ತಲೆಗೆ, ಗೌರವದ ಜಾಗದಲ್ಲಿ, ಕೂರಿಸಿದೆವು. ನಾನು ಬ್ರಾಂಡಿಯ ಸಣ್ಣ ಲೋಟ ತಂದೆ. ಮಿಲುನ್ ಚಿಕ್ಕಪ್ಪ ನನ್ನ ಕೈ ತಡೆದ. “ತೆರಿಗೆಯೋರಿಗೆ ಸಣ್ಣ ಲೋಟಾನ? ದೊಡ್ಡದ್ರಲ್ಲಿ ಹಾಕೋ. ಸಣ್ಣದು ಅವ್ರ ಕಣ್ಣಿಗೇ ಕಾಣಲ್ಲ.” ಅಧಿಕಾರಿಯೂ ನಕ್ಕರು. ಬ್ಯಾಗು ಕುರ್ಚಿಯ ಕೆಳಗೆ ಹೋಯಿತು. ಸಾರು ಬಂತು, ಎಲೆಕೋಸಿನಲ್ಲಿ ಸುತ್ತಿದ ಸಾರ್ಮಾ ಬಂತು, ಹುರಿದ ಮಾಂಸ ಬಂತು, ಆರು ಬಗೆಯ ಕೇಕು ಬಂತು. ಅವರು ಸಂಜೆ ಆರರವರೆಗೆ ಪರಿಶೀಲಿಸಿದರು.

ಸಾರ್ಮಾದ ಎರಡನೇ ತಟ್ಟೆಯ ಹೊತ್ತಿಗೆ, ಏನೂ ಗೊತ್ತಿಲ್ಲದವರಂತೆ, ಕೇಳಿದರು:

“ಮನೆ ಯಜಮಾನ್ರು ಯಾರಮ್ಮಾ?”

“ಯಾರು ಅಂದ್ರೆ? ನಿಂತಿದಾನಲ್ಲ, ಅವನೇ. ಅವರಪ್ಪ ಹೋದ್ಮೇಲೆ ಇವನೇ ಎಲ್ಲಾ.”

“ಇವ್ರು ಮಾರಿಬೋರ್‌ನಲ್ಲಿ ಇರೋದಲ್ವಾ?”

“ಇರೋದಾ? ಯಾರು ಹೇಳಿದ್ದು? ಅಲ್ಲಿ ಏನೋ ಸ್ವಲ್ಪ ಕೆಲ್ಸ ಇತ್ತು ಅಂತ ಹೋಗಿದಾನೆ. ಇವತ್ತೋ ನಾಳೆನೋ ಬಂದ್ಬಿಡ್ತಾನೆ.”

ಅಲೆಂಕಾ ಮೆಲ್ಲಗೆ ಹೇಳಿದಳು, “ಅತ್ತೆ, ಅಲ್ಲಿ ಮನೆ ತಗೊಂಡು ನಾಲ್ಕು ವರ್ಷ ಆಯ್ತು. ಪಾಪು ಅಲ್ಲೇ ಸ್ಕೂಲಿಗೆ ಹೋಗ್ತಿದಾಳೆ.”

“ಹೌದಮ್ಮಾ, ಹೌದು,” ಎಂದಳು ಅಮ್ಮ, ಅವಳ ಕೈ ತಟ್ಟಿ. “ತಾತ್ಕಾಲಿಕವಾಗಿ.”

ಮಾನ್ಯರೇ, ನಮ್ಮ ಜನ ಈ ಒಂದು ಪದವನ್ನು ನಂಬಿ ಮೂರು ತಲೆಮಾರು ಕಳೆದಿದ್ದಾರೆ. ಅದನ್ನು ಕಲಿಸಿದ್ದು ಸರ್ಕಾರವೇ. ‘ವಿದೇಶದಲ್ಲಿ ತಾತ್ಕಾಲಿಕ ಕೆಲಸದ ಮೇಲಿರುವ ನಮ್ಮ ಪ್ರಜೆಗಳು’ ಎಂದು ನಿಮ್ಮ ಹಿಂದಿನ ಹಿಂದಿನ ಅಧಿಕಾರಿಗಳು ಬರೆಯುತ್ತಿದ್ದರು. ನನ್ನ ದೊಡ್ಡಪ್ಪ ಸ್ಟುಟ್‌ಗಾರ್ಟ್‌ನಲ್ಲಿ ಮೂವತ್ತನಾಲ್ಕು ವರ್ಷ ತಾತ್ಕಾಲಿಕವಾಗಿದ್ದರು. ತಾತ್ಕಾಲಿಕವಾಗಿ ಅಲ್ಲೇ ಮಕ್ಕಳನ್ನು ಪಡೆದರು, ತಾತ್ಕಾಲಿಕವಾಗಿ ಅಲ್ಲೇ ಮುದುಕರಾದರು. ಖಾಯಂ ಆಗಿ ಅವರು ಊರಿಗೆ ಬಂದದ್ದು ಒಂದೇ ಸಲ, ಪೆಟ್ಟಿಗೆಯಲ್ಲಿ. ಮಗ ಊರು ಬಿಟ್ಟ ಎಂದು ಒಪ್ಪಿಕೊಂಡ ತಾಯಿ ನಮ್ಮ ಮೊರಾವಾ ದಂಡೆಯಲ್ಲಿ ಎಲ್ಲಾದರೂ ಇದ್ದರೆ ನಿಮ್ಮ ಅಧಿಕಾರಿ ಅವಳನ್ನು ಹುಡುಕಿ ಸಾಕ್ಷಿ ಪಡೆಯಲಿ. ಹಬ್ಬದ ದಿನ, ತುಂಬಿದ ಮೇಜಿನ ಮುಂದೆ, ಅಕ್ಕಪಕ್ಕದವರ ಎದುರು ಎಪ್ಪತ್ತನಾಲ್ಕು ವರ್ಷದ ವಿಧವೆ, ನನ್ನ ಅಮ್ಮ ದೆಸಾಂಕಾ ವೆಸೆಲಿನೊವಿಚ್ ಆಡಿದ ಮಾತು ಸಾಕ್ಷ್ಯವಲ್ಲ, ಅದು ಹಂಬಲ. ಹಂಬಲಕ್ಕೆ ಯಾವ ದೇಶದಲ್ಲಿ ತೆರಿಗೆ ಕಟ್ಟಬೇಕು?

ತಪ್ಪು ನನ್ನದೂ ಇದೆ. ಸಂಜೆ ಅಧಿಕಾರಿಯನ್ನು ಗೇಟಿನವರೆಗೆ ಬಿಡಲು ಹೋಗಿ, ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ಬ್ಯಾಗಿನೊಳಗಿಟ್ಟು, “ಯಾವಾಗ ಬಂದ್ರೂ ನಮ್ಮ ಬಾಗ್ಲು ತೆರ್ದೇ ಇರುತ್ತೆ” ಎಂದೆ. ಇದನ್ನು ಹೇಳದೆ ಅತಿಥಿಯನ್ನು ಕಳಿಸುವ ಸರ್ಬಿಯನ್ ಇನ್ನೂ ಹುಟ್ಟಿಲ್ಲ. ಐದನೇ ಪ್ಯಾರಾ: ‘ಸದರಿ ಮನೆಯು ವರ್ಷವಿಡೀ ತೆರಿಗೆದಾರರ ಬಳಕೆಗೆ ಲಭ್ಯವಿದೆಯೆಂದು ತೆರಿಗೆದಾರರೇ ಸ್ವಇಚ್ಛೆಯಿಂದ ಹೇಳಿಕೆ ನೀಡಿದ್ದಾರೆ.’ ಕೇಕಿನ ಉಲ್ಲೇಖ ವರದಿಯಲ್ಲಿ ಎಲ್ಲಿಯೂ ಇಲ್ಲ. ಪ್ರಾಮಾಣಿಕ ಅಧಿಕಾರಿಯೊಬ್ಬರ ನೆನಪಿನ ಶಕ್ತಿಗೂ ಮಿತಿಯುಂಟು.

ಜನವರಿಯಲ್ಲಿ ನಿರ್ಣಯ ಬಂತು. ಮೊತ್ತವನ್ನು ಇಲ್ಲಿ ಬರೆಯುವುದಿಲ್ಲ; ಅಮ್ಮ ಈ ಪತ್ರಿಕೆಯನ್ನು ಓದುತ್ತಾಳೆ. ಅದನ್ನು ಕಟ್ಟಬೇಕಾದರೆ ಮಾರಿಬೋರ್‌ನ ಮನೆಯನ್ನು ಮಾರಬೇಕು ಎಂದಷ್ಟೇ ಹೇಳುತ್ತೇನೆ. ನಿಮ್ಮ ಪ್ರಕಾರ ಅದು ನನ್ನ ಮನೆಯೇ ಅಲ್ಲವಾದ್ದರಿಂದ ನಿಮಗೆ ಅದರಿಂದ ನೋವಾಗಬೇಕಿಲ್ಲ. ಆದರೆ ಪಿಂಚಣಿ ವಂತಿಗೆಯ ಬಗ್ಗೆ ಒಂದು ತಾಂತ್ರಿಕ ಸಂದೇಹವಿದೆ. ಸ್ಲೊವೇನಿಯಾದಲ್ಲಿ ನನ್ನ ಒಂದು ಮುಪ್ಪಿಗಾಗಿ ದುಡ್ಡು ಕಟ್ಟುತ್ತಿದ್ದೇನೆ. ನೀವು ಇನ್ನೊಂದು ಮುಪ್ಪಿಗೆ ಕೇಳುತ್ತಿದ್ದೀರಿ. ಈ ಎರಡನೇ ಮುಪ್ಪು ಮೊದಲನೆಯದರ ನಂತರ ಬರುತ್ತದೆಯೇ, ಅಥವಾ ಎರಡನ್ನೂ ಏಕಕಾಲಕ್ಕೆ ಅನುಭವಿಸಬೇಕೇ?

ಮೇಲ್ಮನವಿಗೆಂದು ಮೇ ತಿಂಗಳಲ್ಲಿ ಬಸ್ಸಿನಲ್ಲಿ ಹದಿಮೂರು ಗಂಟೆ ಕೂತು ಬಂದೆ. ನೀವೇ ಕಾಗದದಲ್ಲಿ ಗೊತ್ತುಮಾಡಿದ ದಿನ ಅದು, ಆರನೇ ತಾರೀಖು. ಕೌಂಟರಿನ ಗಾಜಿನ ಮೇಲೆ ಚೀಟಿ ಅಂಟಿಸಿತ್ತು: ‘ಸಂಬಂಧಪಟ್ಟ ಅಧಿಕಾರಿ ಸ್ಲಾವಾ ಪ್ರಯುಕ್ತ ರಜೆಯಲ್ಲಿದ್ದಾರೆ.’ ಅವತ್ತು ಅವರ ಮನೆತನದ ಸಂತ ಜಾರ್ಜನ ದಿನ. ಪಕ್ಕದ ಕೌಂಟರಿನ ಮಹಿಳೆಯನ್ನು ವಿಚಾರಿಸಿದಾಗ ಅಧಿಕಾರಿಯವರು ತಮ್ಮ ತಂದೆಯ ಮನೆಗೆ, ಇಲ್ಲಿಂದ ನೂರಿಪ್ಪತ್ತು ಕಿಲೋಮೀಟರು ದೂರದ ಊರಿಗೆ ಹೋಗಿದ್ದಾರೆ ಎಂದು ತಿಳಿಯಿತು. ಅಲ್ಲಿ ಅವರು ಏನು ಮಾಡುತ್ತಿರುತ್ತಾರೆ ಎಂದು ಕೇಳಿದೆ. ಆಕೆ ನನ್ನನ್ನು ದಡ್ಡನಂತೆ ನೋಡಿ, “ಇನ್ನೇನ್ ಮಾಡ್ತಾರೆ, ನಿಂತಿರ್ತಾರೆ” ಎಂದರು.

ಯೋಚಿಸಿ ನೋಡಿ. ಸ್ಲಾವಾಕ್ಕೆ ಸಂಬಳದ ರಜೆ ಕೊಡುವುದು ಈ ದೇಶದ ಕಾನೂನು. ಅಂದರೆ, ಮನುಷ್ಯ ದುಡಿಯುವುದು ಒಂದು ಕಡೆ, ಸಂತನ ಮುಂದೆ ನಿಲ್ಲುವುದು ಇನ್ನೊಂದು ಕಡೆ ಇರಬಹುದೆಂದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಅಧಿಕಾರಿ ನಿಂತರೆ ಅದು ಹಕ್ಕು, ನಾನು ನಿಂತರೆ ಪುರಾವೆ. ನಿಮ್ಮ ನಾಲ್ಕನೇ ಪ್ಯಾರಾ ಸರಿಯಾದರೆ ನಿಮ್ಮ ಅಧಿಕಾರಿಯ ಜೀವನ ಹಿತಾಸಕ್ತಿಗಳ ಕೇಂದ್ರ ನೂರಿಪ್ಪತ್ತು ಕಿಲೋಮೀಟರು ದೂರದಲ್ಲಿದೆ. ಅವರು ನಮ್ಮ ಪಟ್ಟಣದಲ್ಲಿ ತಾತ್ಕಾಲಿಕ. ದಯವಿಟ್ಟು ಅವರ ಕಡತವನ್ನೂ ತೆರೆಯಿರಿ.

ಆ ಮಹಿಳೆ ಒಳ್ಳೆಯವರು. ನನ್ನ ಮುಖ ನೋಡಿ ಕನಿಕರಪಟ್ಟು, ಗಾಜಿನ ಹತ್ತಿರ ಬಾಗಿ ಒಂದು ದಾರಿ ಹೇಳಿಕೊಟ್ಟರು.

“ಇಷ್ಟೆಲ್ಲಾ ಯಾಕೆ ಒದ್ದಾಡ್ತೀರಾ? ನಿಮ್ಮ ತಾಯಿ ಹತ್ರ ಒಂದು ಘೋಷಣೆ ಬರೆಸಿ ತನ್ನಿ. ‘ನನ್ನ ಮಗ ಈ ಮನೆಯವನಲ್ಲ, ಅತಿಥಿ ಥರ ಬಂದು ಹೋಗ್ತಾನೆ’ ಅಂತ. ಡಿಸೆಂಬರ್ ಹದಿನೈದರೊಳಗೆ ಕೊಟ್ರೆ ಕೇಸ್ ಮುಚ್ಚಿಹೋಗುತ್ತೆ.”

ಮನೆಗೆ ಬಂದು ಇದನ್ನೊಂದು ತಮಾಷೆಯೆಂಬಂತೆ ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ನಾನು ಬಸ್ಸು ಹತ್ತಿದ ಮೇಲೆ ಮಿಲುನ್ ಚಿಕ್ಕಪ್ಪನನ್ನು ಕರೆದುಕೊಂಡು ನೋಟರಿ ಬಳಿಗೆ ಹೋಗಿ ಬರೆಸಿಯೇಬಿಟ್ಟಳು. ಆಗಸ್ಟಿನಲ್ಲಿ ನಾನು ಸೌದೆಗೆ ಬಂದಾಗ ಆ ಕಾಗದ ಅಡುಗೆಮನೆಯ ಬ್ರೆಡ್ ಡಬ್ಬಿಯ ಕೆಳಗಿತ್ತು. ಕೆಳಗೆ ಅವಳ ಸಹಿ, ಶಾಲೆಯ ಹುಡುಗಿಯ ಹಾಗೆ, ಒಂದೊಂದು ಅಕ್ಷರವೂ ಬಿಡಿಬಿಡಿ.

ಅದು ಅಲ್ಲಿಗೂ ಮುಗಿಯಲಿಲ್ಲ. ಬರೆದದ್ದಕ್ಕೂ ನಡೆಯುವುದಕ್ಕೂ ತಾಳೆಯಾಗಬೇಕು ಎಂದು ಅವಳು ತೀರ್ಮಾನಿಸಿದ್ದಳು. ಮೂರು ವಾರದ ಹಿಂದೆ, ಈ ವರ್ಷದ ಸಂತ ಲೂಕನ ಹಬ್ಬಕ್ಕೆ ನಾನು ಬಂದಾಗ, ಅಮ್ಮ ಬಾಗಿಲಲ್ಲಿ ಗೋಧಿಯ ತಟ್ಟೆ ಹಿಡಿದು ನಿಂತಿದ್ದಳು. ಮನೆಯವರಿಗೆ ಯಾರೂ ಬಾಗಿಲಲ್ಲಿ ಗೋಧಿ ಕೊಡುವುದಿಲ್ಲ.

“ಅಮ್ಮಾ, ಏನಿದು?”

“ಬಾಪ್ಪಾ, ದೂರದಿಂದ ಬಂದಿದೀಯ. ಚಮಚ ತಗೋ.”

ಒಳಗೆ ಮೇಜಿನ ತಲೆಗೆ, ಹಿಂದಿನ ವರ್ಷ ನಿಮ್ಮ ಅಧಿಕಾರಿ ಕೂತಿದ್ದ ಜಾಗದಲ್ಲಿ, ಕೈಯಿರುವ ಒಳ್ಳೆಯ ಕುರ್ಚಿ ಹಾಕಿದ್ದಳು. ನನ್ನನ್ನು ಅಲ್ಲಿ ಕೂರಿಸಿದಳು. ಏಳಲು ಹೋದಾಗಲೆಲ್ಲ ಭುಜ ಒತ್ತಿ, “ಕೂತ್ಕೋ, ಅತಿಥಿಗಳು ಏಳ್ಬಾರ್ದು” ಎನ್ನುತ್ತಿದ್ದಳು. ಬ್ರಾಂಡಿ ಹಾಕಲು ಮಿಲುನ್ ಚಿಕ್ಕಪ್ಪನನ್ನು ನಿಲ್ಲಿಸಿದ್ದಳು. ಅವನು ನನ್ನ ಲೋಟ ತುಂಬುವಾಗ ಮುಖ ನೋಡಲಿಲ್ಲ. ಹಬ್ಬದ ರೊಟ್ಟಿಯನ್ನು ಮಂತ್ರಿಸಲು ಪಾದ್ರಿಗಳು ಬಂದರು. ಆ ರೊಟ್ಟಿಯನ್ನು ಅವರ ಜೊತೆ ಹಿಡಿದು ತಿರುಗಿಸುವುದು ಮನೆಯ ಯಜಮಾನ.

“ಬಾರೋ ರಾಸ್ತ್ಕೊ, ಹಿಡ್ಕೋ,” ಎಂದರು ಪಾದ್ರಿಗಳು.

“ಅವನಲ್ಲ ಪಾದ್ರಿಗಳೇ,” ಎಂದಳು ಅಮ್ಮ. ಬೇಕೆಂದೇ ಜೋರಾಗಿ, ಬೀದಿಗೂ ಕೇಳುವಂತೆ. “ನಾನೇ ಹಿಡೀತೀನಿ. ಅವನು ಬಂದು ಹೋಗೋನು.”

ರೊಟ್ಟಿಯನ್ನು ಅವಳೇ ಹಿಡಿದು ತಿರುಗಿಸಿದಳು. ಕಣ್ಣು ರೊಟ್ಟಿಯ ಮೇಲಿರಲಿಲ್ಲ, ಬಾಗಿಲ ಮೇಲಿತ್ತು. ಆಗ ನನಗೆ ಅರ್ಥವಾಯಿತು. ಅವಳು ನಿಮ್ಮ ಅಧಿಕಾರಿಗಾಗಿ ಕಾಯುತ್ತಿದ್ದಳು. ಬಾಗಿಲ ಬಳಿ ತಟ್ಟೆಯಲ್ಲಿ ಒಂದು ಚಮಚವನ್ನು ಬೇರೆಯಾಗಿ ಎತ್ತಿಟ್ಟಿದ್ದಳು. ಈ ಸಲವೂ ಬರಲಿ, ಬಂದು ನೋಡಲಿ, ಮಗ ಕೂತಿದ್ದಾನೆ ಎಂದು ಬರೆದುಕೊಂಡು ಹೋಗಲಿ ಎಂದು ಇಡೀ ದಿನ ಬಾಗಿಲು ನೋಡಿದಳು. ಅವರು ಬರಲಿಲ್ಲ. ಬೆಳಿಗ್ಗೆ ಸಂತನಿಗೆ ಹಚ್ಚಿಟ್ಟ ಮೇಣದ ಬತ್ತಿಯನ್ನು ಸಂಜೆ ವೈನಿನಲ್ಲಿ ಅದ್ದಿ ಆರಿಸುವ ಹೊತ್ತು ಬಂದಾಗ, ನಾಲ್ಕು ತಲೆಮಾರಿನಲ್ಲಿ ಮೊದಲ ಸಲ, ಅದನ್ನು ನಮ್ಮ ಮನೆಯ ಗಂಡಸು ಆರಿಸಲಿಲ್ಲ. ಅವನು ಕುರ್ಚಿಯಲ್ಲಿ ಕೂತಿದ್ದ.

ಮಾನ್ಯರೇ, ಅಮ್ಮನ ಕಾಗದ ಈಗ ನನ್ನ ಬಳಿ ಇದೆ. ಅದನ್ನು ನಿಮಗೆ ಕೊಟ್ಟರೆ ನಾನು ಗೆಲ್ಲುತ್ತೇನೆ, ಕಡತ ಮುಚ್ಚುತ್ತದೆ, ಮಾರಿಬೋರ್‌ನ ಮನೆ ಉಳಿಯುತ್ತದೆ. ಕೊಡುವುದಿಲ್ಲ. ಒಂದು ಸುಳ್ಳನ್ನು ಸರಿಪಡಿಸಲು ಇನ್ನೊಂದು ಸುಳ್ಳನ್ನು, ಅದೂ ಅಮ್ಮನ ಕೈಯಿಂದ, ಪಡೆಯುವ ಕಚೇರಿಯ ಮುಂದೆ ನಾನು ಗೆಲ್ಲಲು ಒಲ್ಲೆ. ನಾನು ಆ ಮನೆಯವನೇ. ಅಲ್ಲಿ ವಾಸವಾಗಿಲ್ಲ, ಅಷ್ಟೆ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ನಮ್ಮ ಬೀದಿಯ ಹದಿನಾರು ಮನೆಗಳಿಗೆ ಗೊತ್ತು, ಸಂತ ಲೂಕನಿಗೆ ಗೊತ್ತು, ಸಂತ ಜಾರ್ಜನ ದಿನ ನಿಮ್ಮ ಅಧಿಕಾರಿಗೂ ಗೊತ್ತಿರುತ್ತದೆ.

ನಾನು ತೆರಿಗೆ ವಿನಾಯಿತಿ ಕೇಳುತ್ತಿಲ್ಲ. ದುಡಿದ ಕಡೆ ಕಟ್ಟಿದ್ದೇನೆ, ಕಟ್ಟುತ್ತೇನೆ. ಕೇಳುವುದು ಇಷ್ಟೇ. ನಿರ್ಣಯದ ನಾಲ್ಕು ಮತ್ತು ಐದನೇ ಪ್ಯಾರಾಗಳನ್ನು ಹೊಡೆದುಹಾಕಿ. ನಾನು ಎಲ್ಲಿ ಮಲಗುತ್ತೇನೆ, ಎಲ್ಲಿ ದುಡಿಯುತ್ತೇನೆ, ನನ್ನ ಮಗಳು ಯಾವ ಶಾಲೆಗೆ ಹೋಗುತ್ತಾಳೆ, ನನಗೆ ಜ್ವರ ಬಂದರೆ ಯಾವ ವೈದ್ಯರು ನೋಡುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಹಾಕಬಾರದೆಂದು ಎರಡು ದೇಶಗಳು ಸಹಿ ಹಾಕಿದ ಒಪ್ಪಂದದ ಪ್ರಕಾರ ಡಿಸೆಂಬರ್ ಹದಿನೈದರೊಳಗೆ ಹೊಸದಾಗಿ ನಿರ್ಣಯಿಸಿ. ಆಗದಿದ್ದರೆ ನ್ಯಾಯಾಲಯದಲ್ಲಿ ಸಿಗೋಣ. ಅಲ್ಲಿಯೂ ನಾನು ನಿಂತೇ ಇರುತ್ತೇನೆ. ದಯವಿಟ್ಟು ಅದನ್ನು ನೋಡಿ ನ್ಯಾಯಾಲಯವೇ ನನ್ನ ಖಾಯಂ ವಿಳಾಸ ಎಂದು ಬರೆಯಬೇಡಿ.

ಮುಂದಿನ ಅಕ್ಟೋಬರ್ ಮೂವತ್ತೊಂದಕ್ಕೆ ನೀವೇ ಬನ್ನಿ. ಕರೆಯುತ್ತಿಲ್ಲ, ಸ್ಲಾವಾಕ್ಕೆ ಕರೆಯುವ ಪದ್ಧತಿ ಇಲ್ಲ. ಬ್ಯಾಗನ್ನು ಕಚೇರಿಯಲ್ಲಿ ಬಿಟ್ಟು ಬನ್ನಿ. ಅಮ್ಮ ಎತ್ತಿಟ್ಟ ಚಮಚ ಇನ್ನೂ ಬಾಗಿಲ ಬಳಿಯೇ ಇದೆ. ಕೈಯಿರುವ ಆ ಒಳ್ಳೆಯ ಕುರ್ಚಿಯೂ ಮೇಜಿನ ತಲೆಗೇ ಇದೆ. ಅದರಲ್ಲಿ ನೀವು ಕೂತುಕೊಳ್ಳಿ. ನನಗೆ ನಿಲ್ಲಲು ಬಿಡಿ.

ಇಂತಿ,
ನಿಮ್ಮ ಕಡತದಲ್ಲಿ ಯಜಮಾನ, ಅಮ್ಮನ ಕಾಗದದಲ್ಲಿ ಅತಿಥಿ,
ಮಾರಿಬೋರ್‌ನಲ್ಲಿ ಏಳು ವರ್ಷಗಳಿಂದ ತಾತ್ಕಾಲಿಕ,
ರಾಸ್ತ್ಕೊ ವೆಸೆಲಿನೊವಿಚ್